ಷರಾ ಕಾಲಂ

ಮಾರ್ಚ್ 3, ಭಾನುವಾರ

ಮೇ ತಿಂಗಳ ಡೈವಿಂಗಿಗೆ ದೋಣಿ ಕೊಡುವವರ, ಅಂದರೆ ನಮ್ಮ ದೋಣಿಯಮ್ಮನ, ಮೇಲ್ ಬಂತು. ಹದಿನಾಲ್ಕು ಪ್ರಶ್ನೆ ಕೇಳಿದ್ದೆ, ನಂಬರ್ ಹಾಕಿ. ಉತ್ತರ ಒಂದೇ ಸಾಲು: ನೀರು ಎಂಟು ಡಿಗ್ರಿ ಇರುತ್ತೆ, ಟೋಪಿ ಎರಡೆರಡು ತನ್ನಿ. ಉಳಿದ ಪ್ರಶ್ನೆಗಳಿಗೆ ದೇವರೇ ಗತಿ.

ಲಿಸ್ಟಿಗೆ ಸೇರಿಸಿದೆ. ಟೋಪಿ ನಾಲ್ಕು. ನನಗೆರಡು, ನಾದಿನಿಗೆರಡು. ಇವರು ಹಿಂದಿನಿಂದ ಇಣುಕಿ "ನಂಗೆ?" ಅಂದರು. ಇವರು ಸಮುದ್ರಕ್ಕೆ ಇಳಿಯುವವರಲ್ಲ. ಬಕೆಟ್ಟಿನ ನೀರಿಗೂ ಮೊದಲು ಬೆರಳಿಟ್ಟು ನೋಡುವ ಗಂಡಸು. ದಡದಲ್ಲಿ ಟವೆಲ್ ಹಿಡಿದು ಕೂರುವ ಕೆಲಸಕ್ಕೆ ಒಂದು ಟೋಪಿ ಧಾರಾಳ.

ಮೇ ಎರಡನೇ ವಾರ. ಮೂರು ದಿನ, ಗಾಳಿ ಸಿಲಿಂಡರ್ ಕಟ್ಟಿಕೊಂಡು ದಿನಕ್ಕೆ ಎರಡು ಡೈವ್. ಇಷ್ಟು ವರ್ಷ ಬೆಚ್ಚಗಿನ ನೀರಿನಲ್ಲಿ ಬಣ್ಣದ ಮೀನು ನೋಡಿದ್ದಾಯಿತು. ಇದು ಬೇರೆ. ಮರಳೇ ಇಲ್ಲದ ಕರಾವಳಿ. ಕಪ್ಪು ಬಂಡೆ ನೆಟ್ಟಗೆ ನೀರಿಗೆ ಇಳಿಯುತ್ತದೆ, ಬಂಡೆಗೆ ಹೊಡೆದ ಕಬ್ಬಿಣದ ಏಣಿ ಹಿಡಿದು ದೋಣಿ ಹತ್ತಬೇಕು. ಕೆಳಗೆ ಕಡಲಕಳೆಯ ಕಾಡು, ಮನೆಗಿಂತ ಎತ್ತರ. ಸೀಲ್‌ಗಳು ಬಂದು ಕಾಲಿಗೆ ತೊಟ್ಟ ರಬ್ಬರ್ ಫಿನ್ ಕಚ್ಚಿ ನೋಡುತ್ತವಂತೆ. ಆ ಫೋಟೊ ನನ್ನ ಬೀರುವಿನ ಬಾಗಿಲ ಒಳಗಡೆ ಏಳು ವರ್ಷದಿಂದ ಅಂಟಿಕೊಂಡಿದೆ. ಮೂಲೆ ಸುರುಳಿ ಸುತ್ತಿದೆ.

ನಾದಿನಿ ಕೆಳಗಿನ ಮಹಡಿಯಿಂದ ಬಂದು ಮೇಲ್ ಓದಿದಳು. "ಎಂಟು ಡಿಗ್ರೀನಾ? ಫ್ರಿಜ್ಜಲ್ಲಿ ತರಕಾರಿ ಇಡೋದು ಅಷ್ಟರಲ್ಲೇ ಅಲ್ವಾ ಅತ್ತಿಗೆ?" ಅಂದಳು. ನಕ್ಕೆವು. ಚೆನ್ನಾಗಿತ್ತು ಸಂಜೆ.

ಮಾರ್ಚ್ 5, ಮಂಗಳವಾರ

ಇವತ್ತು ತಪಾಸಣೆಗೆ ಹದಿನಾರು ಅಂತಸ್ತು, ಹೊಸ ಲಿಫ್ಟ್ ಎರಡು. ಮಾಲೀಕ ಬಾಗಿಲಲ್ಲೇ ಕಾಯುತ್ತಿದ್ದ, ಹಲ್ಲು ಕಿರಿದುಕೊಂಡು. ನಾಳೆ ಜನ ಬರುತ್ತಾರಂತೆ, ಇವತ್ತೇ ಸಹಿ ಆಗಬೇಕಂತೆ. ಬ್ರೇಕ್ ಟೆಸ್ಟಿನ ಹಾಳೆಯಲ್ಲಿ ಎಷ್ಟು ತೂಕ ಇಟ್ಟು ಪರೀಕ್ಷಿಸಿದರು ಎಂದು ಬರೆದಿರಲಿಲ್ಲ. ಓಡಿಸಬಾರದು ಎಂಬ ಕೆಂಪು ಚೀಟಿ ಅಂಟಿಸಿ ಬಂದೆ. ಅವನ ನಗು ಅಲ್ಲೇ ಬತ್ತಿತು.

ಆಫೀಸಿನಲ್ಲಿ ನನ್ನ ಬೆನ್ನ ಹಿಂದೆ ನನಗಿರುವ ಹೆಸರೂ ಅದೇ. ಕೆಂಪು ಚೀಟಿ ಬಂದಳು, ಕೆಂಪು ಚೀಟಿ ಹೋದಳು. ಗೊತ್ತು. ಬೇಜಾರಿಲ್ಲ. ಓದದೆ ಸಹಿ ಹಾಕಿದ್ದು ಇಪ್ಪತ್ತಾರು ವರ್ಷದಲ್ಲಿ ಒಂದೂ ಇಲ್ಲ.

ಸಂಜೆ — ಡ್ರೈ ಸೂಟ್ ಅಳತೆ. ತಣ್ಣೀರಿಗೆ ಮಾಮೂಲಿ ಸೂಟ್ ಸಾಲದು; ಇದರೊಳಗೆ ನೀರೇ ಬರಬಾರದು, ಗಾಳಿ ತುಂಬಿಕೊಂಡಿರಬೇಕು. ಕತ್ತಿನ ರಬ್ಬರ್ ಹಾಕಿಕೊಂಡಾಗ ನಾದಿನಿ ಮುಖ ಟೊಮ್ಯಾಟೊ. ನನ್ನದೂ ಹಾಗೇ ಇತ್ತಂತೆ.

ಮಾರ್ಚ್ 10, ಭಾನುವಾರ. ಬೆಳಿಗ್ಗೆ 10

ಗಾಳಿಯ ಲೆಕ್ಕಕ್ಕೆ ಕೂತೆ. ತಣ್ಣೀರಿನಲ್ಲಿ ಉಸಿರು ಹೆಚ್ಚು ಖರ್ಚಾಗುತ್ತದೆ. ಎಷ್ಟು ಹೆಚ್ಚು ಎನ್ನಲು ಈಗ ಎಷ್ಟು ಎಂದು ಗೊತ್ತಿರಬೇಕು. ಪ್ರತಿ ಡೈವಿನ ಲೆಕ್ಕ ಬರೆದಿಡುವ ನನ್ನ ಲಾಗ್ ಬುಕ್ ತೆಗೆದೆ. ಯಾವ ಡೈವ್ ನೋಡಿದರೂ ನಿಮಿಷಕ್ಕೆ ಹದಿಮೂರು, ಹದಿನಾಲ್ಕು ಲೀಟರ್. "ಮುದಿ ಎಮ್ಮೆ ಉಸಿರು," ಎಂದು ಇವರು ಹೊಗಳಿದರು.

ನಾದಿನಿಯದನ್ನೂ ಇಸಕೊಂಡು ಬಂದಿದ್ದೆ. ಅವಳದು ತಾಳತಪ್ಪಿದೆ. ಒಂದು ದಿನ ಹದಿನೈದು, ಮರುದಿನ ಇಪ್ಪತ್ತನಾಲ್ಕು. ಅದೇ ಜಾಗ, ಅದೇ ಆಳ. ಯಾಕಿರಬಹುದು? ನೀರಿನ ಸೆಳೆತ ಇತ್ತೇ? ಪುಟದ ಕೊನೆಯಲ್ಲಿ ಷರಾ ಎಂದು ಒಂದು ಕಾಲಂ ಇರುತ್ತದೆ. ನನ್ನ ಪುಸ್ತಕದಲ್ಲಿ ಅಲ್ಲಿ ಬರೀ ಗೆರೆ. ಅವಳದರಲ್ಲಿ ಬರೆದಿದ್ದಾಳೆ. ಕನ್ನಡಕದ ಅಂಗಡಿಯಲ್ಲಿ ಗಾಜು ಕೊರೆಯುವವಳು, ಅಕ್ಷರ ಸಾಸಿವೆ ಕಾಳು. ಇವರ ಭೂತಗನ್ನಡಿ ತಂದೆ.

ಡೈವ್ 9. "ಹೆದರಿಕೆ. ಅತ್ತಿಗೆಯ ಫಿನ್ ಒಂದನ್ನೇ ನೋಡುತ್ತಾ ಈಜಿದೆ."

ಡೈವ್ 14. "ಹೆದರಿಕೆ. ಮಾಸ್ಕಿನೊಳಗೇ ಅಳು ಬಂತು. ಮೇಲೆ ಬಂದಮೇಲೆ ಉಪ್ಪುನೀರು ಎಂದೆ."

ಡೈವ್ 22. "ಇವತ್ತು ಕಮ್ಮಿ. ಆಮೆ ಕಂಡಾಗ ಹತ್ತು ನಿಮಿಷ ಮರೆತೇಬಿಟ್ಟಿದ್ದೆ."

ಡೈವ್ 38. "ಮೇಲೆ ಹೋಗೋಣ ಅನ್ನಿಸಿತು. ತೋರಿಸಿಕೊಳ್ಳಲಿಲ್ಲ. ಅತ್ತಿಗೆಗೆ ಗೊತ್ತಿದೆಯಲ್ಲ, ಅದೇ ಧೈರ್ಯ."

ಪ್ರತಿ ಪುಟದ ಕೆಳಗೆ ಜೊತೆಗಾರರ ಸಹಿ. ನನ್ನದು. ದುಂಡಗೆ, ಅಡಿಗೆರೆ ಸಮೇತ.

ಮಾರ್ಚ್ 10, ಮಧ್ಯಾಹ್ನ 3

ಪೂರ್ತಿ ಓದಿದೆ. ಅರವತ್ತಮೂರು ಡೈವ್. ನಲವತ್ತೊಂದರಲ್ಲಿ ಹೆದರಿಕೆ ಎಂಬ ಮಾತಿದೆ. ನಲವತ್ತೊಂದು ಸಹಿ ಮಾಡಿದ್ದೇನೆ.

ನೆನಪು ಮಾಡಿಕೊಳ್ಳಲು ನೋಡಿದೆ. ಡೈವ್ ಮುಗಿಸಿ ದೋಣಿ ಹತ್ತುತ್ತೇವೆ, ಪುಸ್ತಕ ಅದಲು ಬದಲು ಮಾಡಿಕೊಳ್ಳುತ್ತೇವೆ. ಅವಳದನ್ನು ತೊಡೆಯ ಮೇಲಿಟ್ಟುಕೊಂಡು ಆಳ ನೋಡುತ್ತೇನೆ, ಸಮಯ ನೋಡುತ್ತೇನೆ, ಉಳಿದ ಗಾಳಿ ನೋಡುತ್ತೇನೆ. ಸರಿ ಇದ್ದರೆ ಸಹಿ. ಅಂಕಿ ಓದಿದ್ದೆ. ಅಕ್ಷರ ಓದಿರಲಿಲ್ಲ. ಆರು ವರ್ಷ.

ಅವಳನ್ನು ನೀರಿಗೆ ಎಳೆದವಳೂ ನಾನೇ. ಮದುವೆ ಮುರಿದು ಅಣ್ಣನ ಮನೆಗೆ ಬಂದು ಗೋಡೆ ನೋಡುತ್ತಾ ಕೂತಿದ್ದಳು. "ಏಳು, ಈಜು ಬರುತ್ತಲ್ಲ, ನನ್ನ ಜೊತೆ ಬಾ," ಎಂದಿದ್ದೆ. ಒಂದೇ ಮಾತಿಗೆ ಬಂದಳು. ಖುಷಿಯಾಗಿದ್ದಾಳೆ ಎಂದುಕೊಂಡಿದ್ದೆ. ಎಲ್ಲರ ಹತ್ತಿರವೂ ಹಾಗೇ ಹೇಳಿಕೊಂಡು ತಿರುಗಿದ್ದೆ. ನಾಚಿಕೆಯಾಗುತ್ತಿದೆ.

ಮಾರ್ಚ್ 12, ಮಂಗಳವಾರ

ಆಸ್ಪತ್ರೆಯ ಹಳೇ ಲಿಫ್ಟ್. ಮೆಕ್ಯಾನಿಕ್ ರಿಟೈರ್ ಆಗಲು ಎರಡು ವರ್ಷ ಬಾಕಿ ಇರುವವನು. ಮೇಲಿನ ಮೆಷಿನ್ ರೂಮಿನ ಬೀಗಕ್ಕೆ ಜೇಡರಬಲೆ. ತಿಂಗಳ ತಪಾಸಣೆ ಹಾಳೆಯಲ್ಲಿ ಮಾತ್ರ ಅವನ ಸಹಿ ಸಾಲಾಗಿ ಇದೆ.

"ಮೇಲೆ ಹತ್ತಿ ಎಷ್ಟು ದಿನ ಆಯ್ತು?" ಎಂದೆ.

"ಮಂಡಿ ನೋವು ಮೇಡಂ. ಶಬ್ದ ಕೇಳಿದ್ರೇ ಗೊತ್ತಾಗತ್ತೆ ನಂಗೆ, ಸರಿ ಇದೆ ಅಂತ."

"ನೋಡದೇ ಸಹಿ ಹಾಕಿದ್ದೀರಿ. ಒಳಗೆ ನಿಂತಿರೋರು ನಿಮ್ಮ ಸಹಿ ನಂಬ್ಕೊಂಡು..." ಎಂದು ಶುರು ಮಾಡಿದವಳು ಅಲ್ಲೇ ನಿಲ್ಲಿಸಿದೆ. ಚೀಟಿ ಅಂಟಿಸಿದೆ. ಅವನು ಬೈಗುಳಕ್ಕೆ ಕಾದು ನಿಂತಿದ್ದ, ಬರದಿದ್ದಕ್ಕೆ ಗಾಬರಿಯಾದ.

ಮಾರ್ಚ್ 16, ಶನಿವಾರ

ಹೇಳಿಬಿಡೋಣ ಎಂದು ಕರೆಸಿದೆ. ಆಗಿದ್ದೇ ಬೇರೆ.

ಪುಸ್ತಕ ಮೇಜಿನ ಮೇಲಿಟ್ಟು "ನಿನ್ನ ಷರಾ..." ಎಂದೆ ಅಷ್ಟೆ. ಅವಳ ಮುಖ ಅರಳಿತು.

"ಗೊತ್ತು ಅತ್ತಿಗೆ. ಎಂದಾದ್ರೂ ಕೇಳ್ತೀರಾ ಅಂತಿದ್ದೆ. ಮೊದಲ್ನೇ ಸಲ ಬಾಯಲ್ಲಿ ಹೇಳಕ್ಕೆ ಆಗ್ತಿರ್ಲಿಲ್ಲ, ಅದಕ್ಕೇ ಬರ್ದೆ. ನೀವು ಪುಟ ನೋಡಿದ್ರಿ, ನೋಡೇ ನೋಡಿದ್ರಿ, ಆಮೇಲೆ ಸಹಿ ಹಾಕಿ ವಾಪಸ್ ಕೊಟ್ರಿ. ಒಂದ್ ಮಾತಾಡ್ಲಿಲ್ಲ."

ಇವರು ಪೇಪರ್ ಕೆಳಗಿಟ್ಟರು. ಇವರ ಕಡೆ ತಿರುಗಿ ಹೇಳಿದಳು: "ಅಣ್ಣಾ, ಬೇರೆ ಯಾರಾದ್ರೂ ಆಗಿದ್ರೆ ಉಪದೇಶ ಶುರು ಮಾಡೋರು. ಹೆದರ್ಬೇಡ, ಧೈರ್ಯ ತಗೋ, ಅದೂ ಇದೂ. ಇಲ್ಲಾಂದ್ರೆ ಬೇಡ ಬಿಡು ಅಂತ ಮನೇಲಿ ಕೂರಿಸೋರು. ಅತ್ತಿಗೆ ಮಾತ್ರ ಸುಮ್ನೆ ಕಣ್ಣಿಟ್ಟಿದ್ರು. ಅವರಿಗೆ ಗೊತ್ತಿದೆ ಅಂತ ಒಂದೇ ಒಂದು ಗ್ಯಾರಂಟಿ ಮೇಲೆ ಇಷ್ಟು ಡೈವ್ ಮಾಡಿದೀನಿ. ಈ ತಣ್ಣೀರಿಗೂ ಅದಕ್ಕೇ ಹೂಂ ಅಂದಿದ್ದು."

ಇವರು ನನ್ನನ್ನು ಹೊಸದಾಗಿ ನೋಡುವಂತೆ ನೋಡಿದರು. "ನಿನಗೆ ಇಷ್ಟು ತಾಳ್ಮೆ ಇದೆ ಅಂತ ಮೂವತ್ತು ವರ್ಷದಲ್ಲಿ ನಂಗೆ ಗೊತ್ತಾಗ್ಲಿಲ್ವಲ್ಲೇ," ಎಂದರು.

ನಾನು ಏನಂದೆ? ಟೀ ಕುಡೀತೀಯಾ ಎಂದೆ.

ಹೊಗಳಿಕೆ ರುಚಿಯಾಗಿತ್ತು. ಅದನ್ನೂ ಬರೆದುಬಿಡುತ್ತೇನೆ, ಇಲ್ಲಿ ಯಾರು ಓದುತ್ತಾರೆ.

ಮಾರ್ಚ್ 30, ಶನಿವಾರ

ಎರಡು ವಾರ ಬರೆದಿಲ್ಲ. ಕೆಲಸ ಇತ್ತು. ಇಲ್ಲ — ಕೆಲಸ ಎಂದೂ ಇರುತ್ತದೆ.

ಟಾರ್ಚ್ ಎರಡು ಬಂತು. ದಪ್ಪ ಗ್ಲೌಸ್ ಬಂತು, ಹಾಕಿಕೊಂಡರೆ ಬಕಲ್ ಬಿಚ್ಚಲಾಗುವುದಿಲ್ಲ. ಅಭ್ಯಾಸಕ್ಕೆ ಅದನ್ನೇ ಹಾಕಿಕೊಂಡು ನಾದಿನಿ ಮೂರು ದಿನದಿಂದ ಮನೆಯ ಬೀಗ ತೆಗೆಯುತ್ತಿದ್ದಾಳೆ. ಅಕ್ಕಪಕ್ಕದವರಿಗೆ ಮೋಜು. ಇವರು ಬಸ್ ಕಂಪನಿಯಲ್ಲಿ ಟೈಂಟೇಬಲ್ ಹಾಕುವವರಲ್ಲವೇ, ನಮ್ಮ ಪ್ರಯಾಣಕ್ಕೂ ಒಂದು ಮಾಡಿದ್ದಾರೆ. ಬಾತ್‌ರೂಮಿಗೆ ಹೋಗುವ ಬಿಡುವೂ ಬರೆದಿದ್ದಾರೆ, ಆರು ನಿಮಿಷ.

ಹೇಳಬೇಕು. ಹೇಳಿದರೆ ಅವಳು ಬರುವುದಿಲ್ಲ. ಜೊತೆಗಾರರಿಲ್ಲದೆ ದೋಣಿಯಮ್ಮ ನೀರಿಗೆ ಇಳಿಸುವುದಿಲ್ಲ. ಹೇಳದಿದ್ದರೆ ಬರುತ್ತಾಳೆ, ನಾನು ನೋಡಿಕೊಳ್ಳುತ್ತೇನೆ ಎಂದು ನಂಬಿ. ಇನ್ನು ಮೇಲೆ ನಿಜವಾಗಿಯೂ ನೋಡಿಕೊಂಡರಾಯಿತಲ್ಲ? ಈಗ ಗೊತ್ತಾಗಿದೆಯಲ್ಲ? ಹೀಗೆಲ್ಲ ವಾದ ಮಾಡುತ್ತಿದ್ದೇನೆ, ಹದಿನಾರು ಅಂತಸ್ತಿನ ಮಾಲೀಕನ ಹಾಗೆ.

ಏಪ್ರಿಲ್ 7, ಭಾನುವಾರ

ಡ್ರೈ ಸೂಟ್ ಅಭ್ಯಾಸ. ಊರಾಚೆ ಹಳೇ ಕಲ್ಲುಗಣಿಯಲ್ಲಿ ನೀರು ನಿಂತು ಕೆರೆಯಾಗಿದೆ. ಹನ್ನೊಂದು ಡಿಗ್ರಿ. ಕಲಿಸುವ ಮೇಷ್ಟ್ರು ಒಬ್ಬರು, ನಾವಿಬ್ಬರು.

ಮೇಷ್ಟ್ರು ಮೂರು ಸಲ ಹೇಳಿದರು. ಸೂಟಿನ ಗಾಳಿ ಕಾಲಿಗೆ ಹೋಗಬಾರದು. ಹೋದರೆ ತಲೆ ಕೆಳಗೆ, ಕಾಲು ಮೇಲೆ, ಬಲೂನಿನಂತೆ ಮೇಲಕ್ಕೆ ಎಳೆಯುತ್ತದೆ. ಉಸಿರು ಬಿಗಿಹಿಡಿದಿದ್ದರೆ ಶ್ವಾಸಕೋಶ ಒಡೆಯಬಹುದು. ಅರ್ಥವಾಯಿತು ಎಂದೆವು.

ಎಂಟು ಮೀಟರ್. ನೀರು ಹಸಿರು. ನಾನು ಮುಂದೆ. ನನ್ನ ತೋಳಿನ ವಾಲ್ವ್ ಸರಿಯಾಗಿ ಗಾಳಿ ಬಿಡುತ್ತಿರಲಿಲ್ಲ, ಅದನ್ನೇ ತಿರುಗಿಸುತ್ತಾ ಗಾಳಿಯ ಗೇಜ್ ನೋಡುತ್ತಾ ಇದ್ದೆ. ಎಷ್ಟು ಹೊತ್ತು? ಅರ್ಧ ನಿಮಿಷ. ಹಿಂತಿರುಗಿದರೆ ಅವಳು ತಲೆಕೆಳಗಾಗಿ ಇದ್ದಳು. ಮೇಷ್ಟ್ರು ಅವಳ ಒಂದು ಫಿನ್ ಎರಡೂ ಕೈಯಲ್ಲಿ ಹಿಡಿದು ನೇತಾಡುತ್ತಿದ್ದರು. ನಾನು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು.

ದಡದಲ್ಲಿ ಕೂತು ತಲೆ ಒರೆಸಿಕೊಳ್ಳುತ್ತಾ ನಗುತ್ತಿದ್ದಳು. "ಪ್ರಪಂಚ ಉಲ್ಟಾ ಆಗೋಯ್ತು ಅತ್ತಿಗೆ! ಆದ್ರೂ ಕೂಗಾಡ್ಲಿಲ್ಲ ನೋಡಿ. ನೀವು ನೋಡ್ತಿದೀರಾ ಅಂತ ಗೊತ್ತಿತ್ತು. ನಿಧಾನಕ್ಕೆ ಉಸಿರಾಡ್ತಾ ಕಾಯ್ತಿದ್ದೆ."

ಮೇಷ್ಟ್ರು ನನ್ನ ಮುಖ ನೋಡಿದರು. ಅವರಿಗೆ ಗೊತ್ತು ನಾನು ಎತ್ತ ನೋಡುತ್ತಿದ್ದೆ ಎಂದು. ಸಿಲಿಂಡರ್ ಎತ್ತಿಕೊಂಡು ಹೋದರು.

ಕಾರಿನ ಕೀ ಎರಡು ಸಲ ಕೈ ಜಾರಿ ಬಿತ್ತು. ಚಳಿ ಎಂದುಕೊಂಡು ಅವಳು ಹೀಟರ್ ಹಾಕಿದಳು.

ಏಪ್ರಿಲ್ 9, ಮಂಗಳವಾರ. ಸಂಜೆ 6

ಹೇಳಿದೆ.

ಅವಳ ಮನೆಗೇ ಇಳಿದು ಹೋದೆ. ಸೂಟನ್ನು ನೆಲದ ಮೇಲೆ ಹರವಿಕೊಂಡು ಜಿಪ್ಪಿಗೆ ಮೇಣ ಹಚ್ಚುತ್ತಿದ್ದಳು. ನಿಂತೇ ಹೇಳಿದೆ, ಕೂತರೆ ಮತ್ತೆ ಟೀ ಮಾತಾಗುತ್ತಿತ್ತು.

"ನಿನ್ನ ಷರಾ ಒಂದೂ ಓದಿರ್ಲಿಲ್ಲ ನಾನು. ಹೋದ ತಿಂಗಳು ಹತ್ತನೇ ತಾರೀಕು ಮೊದಲ್ನೇ ಸಲ ಓದಿದ್ದು."

ನಕ್ಕಳು. ತಮಾಷೆ ಎಂದುಕೊಂಡಳು. ಆಮೇಲೆ ನಗು ನಿಂತಿತು.

"ಸಹಿ ಇದೆಯಲ್ಲ ಅತ್ತಿಗೆ."

"ಇದೆ."

"ಪುಟ ನೋಡ್ತಿದ್ರಲ್ಲ. ಎಷ್ಟು ಹೊತ್ತು ನೋಡ್ತಿದ್ರಿ!"

"ಆಳ, ಟೈಮು, ಗಾಳಿ. ಅಷ್ಟೇ ನೋಡ್ತಿದ್ದಿದ್ದು. ಮೊನ್ನೆ ಕೆರೇಲೂ ನಿನ್ನ ನೋಡ್ತಿರ್ಲಿಲ್ಲ. ನನ್ನ ಗೇಜ್ ನೋಡ್ಕೋತಿದ್ದೆ. ಹಿಡ್ಕೊಂಡಿದ್ದು ಮೇಷ್ಟ್ರು."

ಮೇಣದ ತುಂಡು ಕೈಯಲ್ಲೇ ಇತ್ತು. ಆಮೇಲೆ ಕೇಳಿದಳು, ಮೆಲ್ಲಗೆ, ಜಗಳದ ದನಿಯಲ್ಲಲ್ಲ, ತಿಳಿದುಕೊಳ್ಳಬೇಕಾಗಿದೆ ಎಂಬಂತೆ:

"ಹಾಗಾದ್ರೆ ಅಷ್ಟೂ ಸಲ ಕೆಳಗಡೆ ನನ್ನ ಜೊತೆ ಯಾರಿದ್ರು?"

ಕ್ಷಮಿಸು ಎಂದೆ. ಕೇಳಿಸಿತೋ ಇಲ್ಲವೋ. ಜಿಪ್ಪಿನ ಕೊನೆಯವರೆಗೆ ಮೇಣ ಹಚ್ಚಿ ಮುಗಿಸಿದಳು, ಬಟ್ಟೆಯಲ್ಲಿ ಒರೆಸಿದಳು, ಸೂಟು ಎತ್ತಿ ಹ್ಯಾಂಗರಿಗೆ ಹಾಕಿದಳು. "ನೀವು ಮೇಲೆ ಹೋಗಿ ಅತ್ತಿಗೆ," ಎಂದಳು.

ಇವರಿಗೂ ಹೇಳಿದೆ. "ಮೂವತ್ತು ವರ್ಷದ ಲೆಕ್ಕ ಸರಿಯಾಗೇ ಇತ್ತು ಹಾಗಾದ್ರೆ," ಎಂದರು. ನನಗೆ ನಗು ಬರಲಿಲ್ಲ. ಅವರಿಗೂ.

ಏಪ್ರಿಲ್ 20, ಶನಿವಾರ

ಹನ್ನೊಂದು ದಿನ. ಮೆಟ್ಟಿಲಲ್ಲಿ ಸಿಕ್ಕರೆ ತಲೆ ಆಡಿಸುತ್ತಾಳೆ. ಅಣ್ಣನ ಜೊತೆ ಮಾತು ಇದೆ. ಅಂಗಡಿಗೆ ಹೋಗುತ್ತಾಳೆ, ಬರುತ್ತಾಳೆ. ನಾನು ಬಾಗಿಲು ತಟ್ಟಿಲ್ಲ. ತಟ್ಟಿದರೆ ನನ್ನ ಮನಸ್ಸಿನ ಭಾರ ಇಳಿಸಿಕೊಳ್ಳುವುದಕ್ಕೇ ಆಗುತ್ತದೆ, ಅವಳಿಗೇನು ಬಂತು.

ದೋಣಿಯಮ್ಮನಿಗೆ ಈ ತಿಂಗಳೊಳಗೆ ತಿಳಿಸಬೇಕು. ಬರುತ್ತಿಲ್ಲ ಎಂದು ಮೇಲ್ ಬರೆದು ಇಟ್ಟಿದ್ದೇನೆ. ಕಳಿಸಿಲ್ಲ. ದಿನಾ ತೆಗೆದು ಓದುತ್ತೇನೆ. ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ. ಅವಳ ನೋವಿಗೆ ಅರ್ಧ, ನನ್ನ ಸಮುದ್ರಕ್ಕೆ ಅರ್ಧ.

ಏಪ್ರಿಲ್ 28, ಭಾನುವಾರ

ಬಂದಳು. ಹನ್ನೊಂದು ಗಂಟೆಗೆ. ಕೂರು ಎಂದೆ, ಕೂರಲಿಲ್ಲ.

"ಕೋಪ ಹೋಗಿಲ್ಲ," ಎಂದಳು ಮೊದಲು.

"ಸರಿ."

"ನನ್ನದೂ ತಪ್ಪಿದೆ. ಸಾಸಿವೆ ಥರ ಬರ್ದು ಓದ್ಕೊಳ್ಳಿ ಅಂತ ಬಿಟ್ಟಿದ್ದು. ಇನ್ಮೇಲೆ ಬರಿಯಲ್ಲ. ಬಾಯಲ್ಲೇ ಹೇಳ್ತೀನಿ. ನೀರಿಗೆ ಇಳಿಯೋಕೆ ಮುಂಚೆ, ನಿಮ್ಮ ಮುಖ ನೋಡ್ಕೊಂಡು. ನಾನು ಬೇಡ ಅಂದ್ರೆ ಬೇಡ. ಯಾಕೆ ಅಂತ ಕೇಳಂಗಿಲ್ಲ, ಸಮಾಧಾನ ಮಾಡಂಗಿಲ್ಲ, ಐದೇ ಮೀಟರ್ ಅನ್ನಂಗಿಲ್ಲ. ನೀವೂ ಇಳಿಯಂಗಿಲ್ಲ. ಒಪ್ಪಿಗೇನಾ?"

"ಮೂರು ದಿನವೂ ಬೇಡ ಅಂದ್ರೆ?"

"ಮೂರು ದಿನವೂ ಬೇಡ."

ಒಪ್ಪಿಗೆ ಎಂದೆ. ಒಂದು ಕ್ಷಣ ತಡೆದೇ ಎಂದೆ, ಅವಳು ಅದನ್ನು ಗಮನಿಸಿದಳು.

ಮೇಲ್ ಅಳಿಸಿದೆ. ಒಳಗೊಳಗೇ ಅಂದುಕೊಂಡೆ, ಅಲ್ಲಿಗೆ ಹೋದ ಮೇಲೆ ಯಾರು ಬೇಡ ಅನ್ನುತ್ತಾರೆ ಎಂದು. ಬುದ್ಧಿ ಬಂದಿಲ್ಲ ಇನ್ನೂ ನನಗೆ.

ಮೇ 11, ಶನಿವಾರ. ಸಂಜೆ 5

ನಿನ್ನೆ ತಲುಪಿದೆವು. ಫೋಟೊದಲ್ಲಿ ಇದ್ದದ್ದಕ್ಕಿಂತ ಬಂಡೆ ಕಪ್ಪು, ಎತ್ತರ. ನಾವಿಬ್ಬರು ಒಂದು ರೂಮು, ಗೊರಕೆಯ ಕಾರಣಕ್ಕೆ ಇವರು ಪಕ್ಕದ್ದು. ದೋಣಿಯಮ್ಮ ನನ್ನ ಭುಜದಷ್ಟು ಎತ್ತರ, ಮೊಣಕಾಲಿನವರೆಗೆ ರಬ್ಬರ್ ಬೂಟು. ಬಾಯಲ್ಲೂ ಒಂದೇ ಸಾಲು.

ಇವತ್ತು ಬೆಳಿಗ್ಗೆ ಎಲ್ಲ ತಯಾರಿ. ಸೂಟು, ಸಿಲಿಂಡರ್, ಒಬ್ಬರನ್ನೊಬ್ಬರು ತಪಾಸಣೆ ಮಾಡಿಕೊಂಡೆವು. ಏಣಿಯ ಹತ್ತಿರ ನಿಂತು ಕೆಳಗೆ ನೋಡಿದಳು. ನೀರು ಏಳುತ್ತಿತ್ತು, ಬೀಳುತ್ತಿತ್ತು. ತಿರುಗಿ ನನ್ನ ಮುಖ ನೋಡಿದಳು.

"ಅತ್ತಿಗೆ, ಬೇಡ."

ಐದೇ ಮೀಟರ್ ಎಂಬ ಮಾತು ನನ್ನ ನಾಲಿಗೆ ತುದಿಗೆ ಬಂದು ನಿಂತಿತ್ತು. ನಿಜ. ಅದನ್ನು ನುಂಗಿ "ಸರಿ" ಎಂದೆ. ದೋಣಿಯಮ್ಮನಿಗೆ ಕೈ ಆಡಿಸಿದೆ. ದೋಣಿ ಉಳಿದ ನಾಲ್ವರನ್ನು ಹತ್ತಿಸಿಕೊಂಡು ಹೊರಟಿತು. ಬಂಡೆಯ ಮೇಲೆ ಕೂತೆವು, ಸೂಟಿನೊಳಗೆ ಬೆವರುತ್ತಾ. ಸ್ವಲ್ಪ ದೂರದಲ್ಲಿ ಒಂದು ಸೀಲ್ ತಲೆ ಎತ್ತಿ ನಮ್ಮನ್ನೇ ನೋಡಿತು, ಮುಳುಗಿತು. ಇವರು ಒಣ ಟವೆಲ್ ಹಿಡಿದು ಓಡಿ ಬಂದವರು ಏನು ಮಾಡಬೇಕೆಂದು ತಿಳಿಯದೆ ಅದನ್ನೇ ಮಡಿಸಿ ಬಿಚ್ಚಿ ಮಡಿಸಿದರು.

ಮಧ್ಯಾಹ್ನ ಅವಳೇ ಕೇಳಿದಳು. "ಮನಸ್ಸಲ್ಲಿ ಬೈಕೋತಿದೀರಾ?"

"ಹೂಂ."

"ಜಾಸ್ತೀನಾ?"

"ಊಟದ ತನಕ ಜಾಸ್ತಿ ಇತ್ತು. ಈಗ ಪರವಾಗಿಲ್ಲ."

ನಕ್ಕಳು. ಒಂದು ತಿಂಗಳಾಗಿತ್ತು ಆ ನಗು ಕೇಳಿ. "ಯಾರಿಗಾದ್ರೂ ಬೇಡ ಅಂತ ಬಾಯಿಬಿಟ್ಟು ಹೇಳಿದ್ದು ಜೀವನದಲ್ಲಿ ಇದೇ ಮೊದಲು ಅತ್ತಿಗೆ," ಎಂದಳು. ಆಮೇಲೆ ಮೂರು ಗಂಟೆ ನಿದ್ದೆ ಹೋದಳು, ಮಗುವಿನ ಹಾಗೆ.

ಮೇ 12, ಭಾನುವಾರ

ಗಾಳಿ. ಅಲೆ ಬಂಡೆಯ ನೆತ್ತಿಗೆ ಹೊಡೆಯುತ್ತಿದೆ. "ಇವತ್ತಿಲ್ಲ," ಎಂದರು ದೋಣಿಯಮ್ಮ. ಇನ್ನು ಉಳಿದದ್ದು ನಾಳೆ ಒಂದೇ.

ಮೇ 13, ಸೋಮವಾರ. ಬೆಳಿಗ್ಗೆ 6.40

ಗಾಳಿ ನಿಂತಿದೆ. ಕಿಟಕಿಯಿಂದ ಸಮುದ್ರ ಕಾಣುತ್ತದೆ, ಇಸ್ತ್ರಿ ಹಾಕಿದ ಹಾಗೆ ಸಪಾಟು. ಎಂಟಕ್ಕೆ ದೋಣಿ. ಮಧ್ಯಾಹ್ನದ ಬಸ್ಸಿಗೆ ವಾಪಸ್.

ಅವಳು ನನಗಿಂತ ಮೊದಲೇ ಎದ್ದಿದ್ದಾಳೆ. ಮಂಚದ ತುದಿಯಲ್ಲಿ ಕೂತಿದ್ದಾಳೆ, ಒಂದು ಕಾಲು ಸೂಟಿನೊಳಗೆ, ಒಂದು ಕಾಲು ಹೊರಗೆ. ಹತ್ತು ನಿಮಿಷವಾಯಿತು ಹಾಗೇ. ನಾನು ಕೇಳಿಲ್ಲ. ಕೇಳುವುದೂ ಇಲ್ಲ. ಸುಮ್ಮನೆ ಅವಳನ್ನು ನೋಡುವುದಕ್ಕಾಗದೆ ಇದನ್ನು ಬರೆಯುತ್ತಾ ಕೂತಿದ್ದೇನೆ.

ನನಗೆ ಇಳಿಯಬೇಕು. ಬಹಳ ಆಸೆಯಿದೆ. ಏಳು ವರ್ಷ. ಇವತ್ತು ಬೇಡ ಎಂದರೆ ಇನ್ನು ಈ ನೀರು ನನಗೆ ಸಿಗುವುದಿಲ್ಲ, ವಯಸ್ಸು ಐವತ್ತೆಂಟು. ಅಳು ಬಂದರೂ ಬರಬಹುದು. ಆದರೂ ಅವಳು ಏನಂದರೂ ಸರಿ ಎನ್ನುತ್ತೇನೆ, ಈ ಸಲ ತಡೆಯದೆ ಎನ್ನುತ್ತೇನೆ. ಇದೊಂದು ಮಾತ್ರ—

ತಲೆ ಎತ್ತಿದಳು. "ಅತ್ತಿಗೆ," ಅಂದಳು. ಬರೆಯುವುದು ಆಮೇಲೆ. ಈಗ ಮುಖ ನೋಡಿ ಕೇಳಿಸಿಕೊಳ್ಳ—